ಮೊದಲು ಗಡಿಯಾರ ನೋಡು

ಮಾರ್ಟಳ್ಳಿಯಲ್ಲಿ ಅಂಗಡಿ ತೆರೆದಿದ್ದೀಯೆಂದು ಕೇಳಿ ಖುಷಿಯಾಯಿತು ಮಗಳೇ. ಒಂದು ಪಹಣಿ ತೆಗೆಸುವುದಕ್ಕೂ ಒಂದು ಆದಾಯ ಪ್ರಮಾಣಪತ್ರದ ಅರ್ಜಿ ಹಾಕುವುದಕ್ಕೂ ಜನ ಬಸ್ಸು ಕಾಯುತ್ತ ಒಂದು ದಿನದ ಕೂಲಿ ಕಳೆದುಕೊಳ್ಳುವುದು ತಪ್ಪಿತು. ಆದರೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ‘ನೆಟ್ ಹತ್ತುತ್ತಿಲ್ಲ, ಹತ್ತಿದರೂ ತೆವಳುತ್ತದೆ. ಮೆಮೊರಿಯೂ ಸಾಲುತ್ತಿಲ್ಲ. ಒಂದು ಸಲ ಫಾರ್ಮ್ಯಾಟ್ ಹೊಡೆಸಿಬಿಡಲೇ?’ ಅಂದೆ.

ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ಕಾರಣ ಹುಡುಕುವುದಕ್ಕೆ ಬೇಸರವಾದವರು ಹಿಡಿಯುವ ಹಾದಿ ಫಾರ್ಮ್ಯಾಟ್. ಕೊಳ್ಳೇಗಾಲದಲ್ಲಿ ಇಷ್ಟು ವರ್ಷ ಹಳೇ ಪೆಟ್ಟಿಗೆಗಳ ಮುಂದೆ ಕೂತು ನಾನು ಕಂಡುಕೊಂಡದ್ದು ಒಂದೇ: ಹಳೇ ಕಂಪ್ಯೂಟರಿನಲ್ಲಿ ದೂರು ಒಂದು ಕಡೆ ಇರುತ್ತದೆ, ದೋಷ ಇನ್ನೊಂದು ಕಡೆ ಇರುತ್ತದೆ. ನೆಟ್ ಹತ್ತುತ್ತಿಲ್ಲ ಎಂದು ಬಂದವರ ಯಂತ್ರದಲ್ಲಿ ಗಡಿಯಾರ ಕೆಟ್ಟಿರುತ್ತದೆ. ನೆಟ್ ನಿಧಾನ ಎಂದವರಿಗೆ ರ‍್ಯಾಮ್ ಸಾಲದೆ ಇರುತ್ತದೆ. ರ‍್ಯಾಮ್ ಹಾಳಾಗಿದೆ, ಹೊಸದು ಹಾಕಿ ಎಂದವರಿಗೆ ಬೇಕಾಗಿದ್ದದ್ದು ಹತ್ತು ರೂಪಾಯಿಯ ರಬ್ಬರು. ಆದ್ದರಿಂದ ಕೈಯಿಂದ ಕಾಸು ಬಿಚ್ಚುವ ಮುಂಚೆ, ಎಲ್ಲಿ ಕೆಟ್ಟಿದೆ ಅನ್ನುವುದನ್ನು ಹತ್ತಿರದಿಂದ ದೂರಕ್ಕೆ ಒಂದೊಂದೇ ಮೆಟ್ಟಿಲು ನೋಡಿಕೊಂಡು ಹೋಗು.

ಮೊದಲನೆಯದು, ನಗಬೇಡ, ಪರದೆಯ ಮೂಲೆಯಲ್ಲಿರುವ ತಾರೀಖು. ಇಸವಿ ಸರಿಯಾಗಿದೆಯೇ ನೋಡು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032 ಎಂದು ಅದರ ಮೈಮೇಲೇ ಬರೆದಿರುತ್ತದೆ, ಮೂರು ವೋಲ್ಟಿನದು. ಕರೆಂಟು ಇಲ್ಲದ ಹೊತ್ತಿನಲ್ಲಿ ಗಡಿಯಾರ ನಡೆಸುವುದು ಅದೇ. ಕೆಲವು ವರ್ಷಕ್ಕೆ ಅದು ಸಾಯುತ್ತದೆ. ನೀನು ರಾತ್ರಿ ಬೋರ್ಡಿನ ಸ್ವಿಚ್ ಆರಿಸಿ ಹೋಗುತ್ತೀಯ, ಬೆಳಿಗ್ಗೆ ಯಂತ್ರ ಎದ್ದಾಗ ಅದರ ಪಾಲಿಗೆ ಇನ್ನೂ 2009ರ ಜನವರಿ. ಇನ್ನು ಬ್ಯಾಂಕಿನದಾಗಲಿ ಸರ್ಕಾರದ್ದಾಗಲಿ, ಈಗಿನ ಹೆಚ್ಚುಕಡಿಮೆ ಪ್ರತಿಯೊಂದು ಜಾಲತಾಣಕ್ಕೂ ಒಂದು ಭದ್ರತಾ ಪ್ರಮಾಣಪತ್ರ ಇರುತ್ತದೆ, ಅದಕ್ಕೆ ಹುಟ್ಟಿದ ದಿನ, ಮುಗಿಯುವ ದಿನ ಎರಡೂ ಉಂಟು. 2020ರ ಸೆಪ್ಟೆಂಬರಿನಿಂದ ಈಚೆಗೆ ಕೊಟ್ಟ ಯಾವ ಪ್ರಮಾಣಪತ್ರಕ್ಕೂ ಹದಿಮೂರು ತಿಂಗಳಿಗಿಂತ ಹೆಚ್ಚು ಆಯುಸ್ಸಿಲ್ಲ. ನಿನ್ನ ಯಂತ್ರ 2009ರಲ್ಲಿ ನಿಂತುಕೊಂಡು ಅದನ್ನು ನೋಡಿದರೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ. ಬ್ರೌಸರ್ ಬಾಗಿಲು ಹಾಕಿಬಿಡುತ್ತದೆ. ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಅಂತಲೋ ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಅಂತಲೋ ಬರುತ್ತದೆ. ಕನೆಕ್ಷನ್ ಅನ್ನುವ ಪದ ಕಂಡ ಕೂಡಲೇ ಜನ ರೂಟರಿಗೆ ಬೈಯುತ್ತಾರೆ, ಸಿಮ್ಮು ಬದಲಿಸುತ್ತಾರೆ, ಕೊನೆಗೆ ಫಾರ್ಮ್ಯಾಟ್ ಹೊಡೆಸುತ್ತಾರೆ. ಫಾರ್ಮ್ಯಾಟ್ ಆದ ಮಾರನೆಯ ಬೆಳಿಗ್ಗೆ ಮತ್ತದೇ ಕತೆ. ಬ್ಯಾಟರಿ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪಕ್ಕದ ಕೊಕ್ಕೆಯನ್ನು ಉಗುರಿನಿಂದ ಒತ್ತಿದರೆ ಹಳೆಯದು ತಾನೇ ಮೇಲೆ ಬರುತ್ತದೆ, ಪ್ಲಸ್ ಗುರುತು ಮೇಲಕ್ಕಿರುವಂತೆ ಹೊಸದನ್ನು ಕೂರಿಸು. ಆಮೇಲೆ ದಿನಾಂಕ ಸರಿಮಾಡಿ, ಸಮಯ ವಲಯ ಭಾರತದ್ದೇ ಇದೆಯೇ ನೋಡಿಕೊ.

ತಾರೀಖು ಸರಿಯಿದ್ದೂ ಕೆಲವೇ ತಾಣಗಳು ಮಾತ್ರ ತೆರೆಯುವುದಿಲ್ಲ, ಉಳಿದವು ತೆರೆಯುತ್ತವೆ ಅಂದರೆ ವಯಸ್ಸಿನ ದೋಷ. ವಿಂಡೋಸ್ 7ನ್ನು ಅದನ್ನು ಮಾಡಿದ ಕಂಪನಿಯೇ 2020ರ ಜನವರಿ 14ರಂದು ಕೈಬಿಟ್ಟಿತು. ಕ್ರೋಮ್ ಕೂಡ 109ನೇ ಆವೃತ್ತಿಯ ಮೇಲೆ ಅದಕ್ಕೆ ಬರಲಿಲ್ಲ. 2021ರ ಸೆಪ್ಟೆಂಬರ್ 30ರಂದು ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಹಳೇ ಯಂತ್ರಗಳಲ್ಲಿ ಎಷ್ಟೋ ತಾಣಗಳು ಒಮ್ಮೆಲೇ ತೆರೆಯದೆ ಹೋದವು. ಅಲ್ಲೂ ನೆಟ್ಟಿನ ತಪ್ಪು ಏನೂ ಇರಲಿಲ್ಲ. ನಿನ್ನದು ವಿಂಡೋಸ್ 10 ಅಂದೆಯಲ್ಲ, ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟು ನಿಂತಿದೆ. ನಾಳೆಯೇ ನಿಂತುಹೋಗುವುದಿಲ್ಲ, ಹೆದರಬೇಡ. ಬ್ರೌಸರನ್ನು ಮಾತ್ರ ಹೊಸದಾಗಿಯೇ ಇಟ್ಟುಕೊ.

ಈಗ ತಂತಿಯ ವಿಷಯ. ಫೈಬರ್ ಲೈನು ಹಾಕಿಸಿದ್ದರೆ ಗೋಡೆಯ ಮೇಲಿನ ಡಬ್ಬಿಯ ದೀಪಗಳೇ ಅರ್ಧ ಉತ್ತರ ಹೇಳುತ್ತವೆ. ‘ಪಾನ್’ ಎಂಬ ದೀಪ ಹಸಿರಾಗಿ ನಿಂತಿದ್ದರೆ ಲೈನು ಬದುಕಿದೆ. ‘ಲಾಸ್’ ಎಂಬುದು ಕೆಂಪಗೆ ಮಿಣುಕುತ್ತಿದ್ದರೆ ಎಲ್ಲೋ ದಾರಿಯಲ್ಲಿ ಗಾಜಿನ ಎಳೆ ತುಂಡಾಗಿದೆ ಇಲ್ಲವೇ ಮಡಚಿಕೊಂಡಿದೆ. ನಿಮ್ಮ ಸೀಮೆಯಲ್ಲಿ ಲೈನು ಕಾಡಿನ ಅಂಚಿನಲ್ಲಿ, ಮರದ ಕೊಂಬೆಗಳ ನಡುವೆ ಬರುತ್ತದೆ. ಒಂದು ಗಾಳಿಮಳೆ ಸಾಕು. ಆಗ ಕಂಪ್ಯೂಟರಿನಲ್ಲಿ ಏನು ಒದ್ದಾಡಿದರೂ ಪ್ರಯೋಜನವಿಲ್ಲ, ಲೈನ್‌ಮನ್ನಿಗೆ ಫೋನು ಮಾಡಿ ನಿನ್ನ ಕೆಲಸ ನೋಡಿಕೊ.

ಹಸಿರು ದೀಪವಿದ್ದರೆ ಡಬ್ಬಿಯಿಂದ ಕಂಪ್ಯೂಟರಿಗೆ ಬರುವ ಕೇಬಲ್ ಹಿಡಿ. ಅದರ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ನೋಡುವುದಕ್ಕೆ ಕೂತಂತೆ ಕಾಣುತ್ತದೆ, ಫ್ಯಾನಿನ ಗಾಳಿಗೇ ಸಡಿಲವಾಗುತ್ತದೆ. ಒಳಗೆ ಎಂಟು ಎಳೆ ಇರುತ್ತವೆ. ನೂರು ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಇಲಿ ಒಂದೆರಡು ಎಳೆ ಕಡಿದರೂ ನೆಟ್ ಪೂರ್ತಿ ಸಾಯದೆ, ಬರುತ್ತ ಹೋಗುತ್ತ ಇರುವುದುಂಟು. ಈ ಬರುವ-ಹೋಗುವ ಕಾಯಿಲೆಯೇ ಕಷ್ಟದ್ದು, ಪೂರ್ತಿ ಸತ್ತದ್ದನ್ನು ಹಿಡಿಯುವುದು ಸುಲಭ. ಬೇರೆಯವರ ಕೇಬಲ್ ಒಂದನ್ನು ಹತ್ತು ನಿಮಿಷ ಎರವಲು ತಂದು ಹಾಕಿ ನೋಡು, ವಾದವೇ ಮುಗಿಯುತ್ತದೆ.

ಕೇಬಲ್ ಸರಿಯಿದೆಯೆಂದರೆ ಕಪ್ಪು ಕಿಟಕಿ ತೆರೆ. ಸ್ಟಾರ್ಟ್‌ನಲ್ಲಿ ಸಿಎಂಡಿ ಎಂದು ಟೈಪಿಸಿದರೆ ಬರುತ್ತದೆ. ಅದಕ್ಕೆ ಹೆದರುವಂಥದ್ದು ಏನಿಲ್ಲ. ‘ಐಪಿಕಾನ್ಫಿಗ್’ ಕೊಡು. ಬಂದ ವಿಳಾಸ 169.254 ಎಂದು ಶುರುವಾದರೆ ರೂಟರು ನಿನ್ನ ಯಂತ್ರಕ್ಕೆ ವಿಳಾಸವನ್ನೇ ಕೊಟ್ಟಿಲ್ಲ, ಅದು ತಾನೇ ಒಂದನ್ನು ಹಾಕಿಕೊಂಡು ಕೂತಿದೆ ಎಂದರ್ಥ. ರೂಟರನ್ನು ಆರಿಸಿ ಹಾಕು. ಆಗಲೂ ಬರದಿದ್ದರೆ ಅಡಾಪ್ಟರಿನ ಸೆಟ್ಟಿಂಗಿನಲ್ಲಿ ಹಿಂದಿನ ಮಾಲೀಕ ಯಾವುದೋ ಆಫೀಸಿನ ವಿಳಾಸವನ್ನು ಕೈಯಾರೆ ಬರೆದಿಟ್ಟಿರುತ್ತಾನೆ. ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಇದು ಬಹಳ. ಅಳಿಸಿ ‘ಆಟೋಮ್ಯಾಟಿಕ್’ ಮಾಡು. ವಿಳಾಸ 192.168 ಎಂದು ಬಂದಿದ್ದರೆ ಮನೆಯೊಳಗಿನದು ಸರಿಯಿದೆ, ‘ಪಿಂಗ್ 8.8.8.8’ ಕೊಡು. ಅಲ್ಲಿಂದ ಉತ್ತರ ಬಂದರೆ ಇಂಟರ್ನೆಟ್ ಇದೆ. ಉತ್ತರ ಬರುತ್ತದೆ, ಆದರೆ ಹೆಸರು ಟೈಪಿಸಿದ ತಾಣ ಮಾತ್ರ ಬರುವುದಿಲ್ಲ ಅಂದರೆ ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್‌ನಲ್ಲಿ ತೊಡಕು. ಅಡಾಪ್ಟರಿನಲ್ಲಿ ಡಿಎನ್‌ಎಸ್ ಜಾಗಕ್ಕೆ ಅದೇ 8.8.8.8 ಅಥವಾ 1.1.1.1 ಬರೆದರೆ ಬಹುಪಾಲು ಸರಿಹೋಗುತ್ತದೆ.

ಎಲ್ಲವೂ ಸರಿ, ಯೂಟ್ಯೂಬ್ ಓಡುತ್ತಿದೆ, ಅರ್ಜಿ ಹಾಕುವ ತಾಣ ಒಂದೇ ಸುತ್ತುತ್ತಿದೆ ಅಂತಿಟ್ಟುಕೊ. ಅದು ನಿನ್ನ ತಪ್ಪಲ್ಲ, ಆಚೆ ಕಡೆಯ ಸರ್ವರಿನದು. ಕೊನೆಯ ದಿನಾಂಕದ ಸಂಜೆ ಇಡೀ ರಾಜ್ಯವೇ ಒಂದೇ ತಾಣಕ್ಕೆ ಮುಗಿಬಿದ್ದಿರುತ್ತದೆ. ಆ ಸಂಜೆಗೆ ಕಾಯದೆ ಗಿರಾಕಿಯನ್ನು ಮೊದಲೇ, ಬೆಳಿಗ್ಗೆ ಏಳಕ್ಕೆ ಬರಹೇಳು. ಅಂಥ ಹೊತ್ತಿನಲ್ಲಿ ಜನ ನಿನ್ನ ಕಂಪ್ಯೂಟರಿನ ವಯಸ್ಸು ಎತ್ತಿ ಆಡುತ್ತಾರೆ, ತಲೆ ಕೆಡಿಸಿಕೊಳ್ಳಬೇಡ.

ಆದರೆ ನಿನಗೆ ಫೈಬರ್ ಇನ್ನೂ ಬಂದಿಲ್ಲ, ಸದ್ಯಕ್ಕೆ ಫೋನಿನ ಹಾಟ್‌ಸ್ಪಾಟ್ ಅಂದೆ. ಹಾಗಾದರೆ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದು. ಕೊರೋನಾ ವರ್ಷಗಳಲ್ಲಿ ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಹುಡುಕಿ ಮಕ್ಕಳು ಗುಡ್ಡ ಹತ್ತಿ ಕೂತ ರಾಜ್ಯ ನಮ್ಮದು. ನಿಮ್ಮ ಕಡೆಯೂ ಒಂದು ಓಣಿಯಲ್ಲಿ ಇರುವ ಸಿಗ್ನಲ್ ಪಕ್ಕದ ಓಣಿಯಲ್ಲಿ ಇರುವುದಿಲ್ಲ, ಗುಡ್ಡಸಾಲು ಅಡ್ಡ ಬಂದರೆ ಮುಗಿಯಿತು. ಯಾವ ಕಂಪನಿ ಒಳ್ಳೆಯದೆಂದು ನನ್ನನ್ನು ಕೇಳಬೇಡ, ಅದನ್ನು ನಿನ್ನ ಅಂಗಡಿಯ ಕಿಟಕಿಯೇ ಹೇಳಬೇಕು. ಕೇಳುವ ರೀತಿ ಹೀಗೆ: ಫೋನಿನ ಸೆಟ್ಟಿಂಗಿನಲ್ಲಿ ‘ಸಿಮ್ ಸ್ಟೇಟಸ್’ ಒಳಗೆ ಹೋದರೆ ಸಿಗ್ನಲ್ಲಿನ ಬಲ ಮೈನಸ್ ಅಂಕಿಯಲ್ಲಿ, ಡಿಬಿಎಂ ಲೆಕ್ಕದಲ್ಲಿ ಇರುತ್ತದೆ. ಮೈನಸ್ 85 ಅಂದರೆ ಗಟ್ಟಿ. ಮೈನಸ್ 110 ಅಂದರೆ ಏದುಸಿರು. ಕಡ್ಡಿಗಳನ್ನು ನಂಬಬೇಡ, ಒಂದೊಂದು ಫೋನು ಕಡ್ಡಿಯನ್ನು ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಫೋನನ್ನು ಮೇಜು, ಕಿಟಕಿ, ಪಡಸಾಲೆ, ತಾರಸಿ ಎಲ್ಲ ಕಡೆ ಒಂದೊಂದು ನಿಮಿಷ ಇಟ್ಟು ಅಂಕಿ ಬರೆದುಕೊ. ಎಲ್ಲಿ ಅಂಕಿ ಚೆನ್ನಾಗಿದೆಯೋ ಅದೇ ಫೋನಿನ ಕಾಯಂ ಜಾಗ. ಕಂಪ್ಯೂಟರ್ ಇದ್ದಲ್ಲೇ ಇರಲಿ.

ಇನ್ನೊಂದು, ಗಡಿಯ ಊರುಗಳಿಗೇ ಅಂಟಿಕೊಂಡದ್ದು. ಪಾಲಾರ್ ಹಳ್ಳದ ಆಚೆ ತಮಿಳುನಾಡು. ನಿಮ್ಮ ಊರಿನ ಅರ್ಧ ನಂಟಸ್ತಿಕೆ ಅಲ್ಲಿದೆ, ಮನೆಮಾತೂ ಅಲ್ಲಿನದೇ. ಫೋನಿಗೂ ಒಮ್ಮೊಮ್ಮೆ ಆಚೆಯ ಗೋಪುರವೇ ಹತ್ತಿರವೆನಿಸಿ ಅದನ್ನು ಹಿಡಿದುಕೊಳ್ಳುತ್ತದೆ. ಅದರಿಂದ ಹೆಚ್ಚು ದುಡ್ಡೇನೂ ಹೋಗುವುದಿಲ್ಲ. ಆದರೆ ದೂರದ ಗೋಪುರ ಹಿಡಿದು ಕೂತು ಈಚೆಯದನ್ನು ಬಿಟ್ಟರೆ, ಈಚೆಗೊಮ್ಮೆ ಆಚೆಗೊಮ್ಮೆ ಜಿಗಿಯುತ್ತಿದ್ದರೆ, ಅರ್ಜಿಯ ಮಧ್ಯದಲ್ಲಿ ಸಂಪರ್ಕ ತಪ್ಪುತ್ತದೆ. ನೆಟ್‌ವರ್ಕ್ ಆಯ್ಕೆಯನ್ನು ಕೈಯಾರೆ ಮಾಡಿ, ಬಲವಾಗಿರುವ ಒಂದಕ್ಕೆ ಕಟ್ಟಿಹಾಕು.

ಬಿಎಸ್‌ಎನ್‌ಎಲ್ ಗೋಪುರ ಹತ್ತಿರವಿದ್ದರೆ ಅದನ್ನೂ ಪರೀಕ್ಷಿಸು. ನೆಟ್‌ವರ್ಕ್ ಕಾಣದ 24,680 ಹಳ್ಳಿಗಳಿಗೆ 4ಜಿ ಕೊಡಬೇಕೆಂದು ಕೇಂದ್ರ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಮಾಡಿತು. ಆ ಕೆಲಸ ಬಿಎಸ್‌ಎನ್‌ಎಲ್ ಹೆಗಲಿಗೆ ಬಿತ್ತು. ಅದರ 4ಜಿ ಓಡುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. 700ರ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ, ಗುಡ್ಡಗಾಡಿಗೆ ಹೇಳಿಮಾಡಿಸಿದ್ದು. ಆದರೆ ಹಳೆಯ ಫೋನುಗಳಲ್ಲಿ ಆ ಬ್ಯಾಂಡೇ ಇರುವುದಿಲ್ಲ; ಬ್ಯಾಂಡ್ 28 ಎಂದು ಕರೆಯುತ್ತಾರೆ. ಪಕ್ಕದವನ ಫೋನಿನಲ್ಲಿ ಬರುತ್ತದೆ, ನನ್ನದರಲ್ಲಿ ಇಲ್ಲ ಎಂದು ಕೊರಗುವ ಮೊದಲು ಫೋನು ಯಾವ ಬ್ಯಾಂಡು ಹಿಡಿಯುತ್ತದೆಂದು ನೋಡಬೇಕು.

ಫೋನಿನಲ್ಲಿ ಸಿಗ್ನಲ್ ಇದೆ, ಹಾಟ್‌ಸ್ಪಾಟ್ ಕೂಡ ಹಾಕಿದ್ದೀಯ, ಆದರೆ ಕಂಪ್ಯೂಟರಿನ ವೈಫೈ ಪಟ್ಟಿಯಲ್ಲಿ ನಿನ್ನ ಫೋನಿನ ಹೆಸರೇ ಕಾಣುವುದಿಲ್ಲ. ಇದಕ್ಕೆ ಕಾರಣ ಯಾವಾಗಲೂ ಒಂದೇ ಅನ್ನುವಷ್ಟು ಸಾಮಾನ್ಯ. ಹೊಸ ಫೋನುಗಳು 5 ಗಿಗಾಹರ್ಟ್ಸ್‌ನಲ್ಲಿ ವೈಫೈ ಬಿಡುತ್ತವೆ, ಹಳೇ ಕಂಪ್ಯೂಟರಿನ ವೈಫೈಗೆ 2.4 ಬಿಟ್ಟು ಬೇರೆ ಗೊತ್ತಿಲ್ಲ. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡನ್ನು 2.4ಕ್ಕೆ ಬದಲಿಸು. ಐಫೋನಾದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಬೇಕು. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ3 ಎಂದಿದ್ದರೆ ಡಬ್ಲ್ಯುಪಿಎ2 ಮಾಡು. ವೈಫೈ ಹತ್ತಿ, ಕೊಂಚ ಹೊತ್ತಿಗೆ ತಾನೇ ಬಿಟ್ಟುಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನ ಆರಿಸಬಹುದು ಎಂಬ ಗುರುತನ್ನು ತೆಗೆದುಹಾಕು. ವೈಫೈಯೇ ಇಲ್ಲದ ಡೆಸ್ಕ್‌ಟಾಪಾದರೆ ಯುಎಸ್‌ಬಿ ಟೆದರಿಂಗ್ ಇದೆ, ಚಾರ್ಜರಿನ ಕೇಬಲ್ಲಿನಲ್ಲೇ ನೆಟ್ ಬರುತ್ತದೆ. ಐದು ಮೀಟರಿಗಿಂತ ಉದ್ದದ ಯುಎಸ್‌ಬಿ ತಂತಿ ಎಳೆಯಬೇಡ, ಅದು ಕೆಲಸ ಮಾಡುವುದಿಲ್ಲ. ಹಾಗೆಯೇ ಆ ಸಂಪರ್ಕವನ್ನು ವಿಂಡೋಸಿನಲ್ಲಿ ‘ಮೀಟರ್ಡ್’ ಎಂದು ಗುರುತಿಸಿಡು. ಇಲ್ಲವಾದರೆ ದಿನದ ಡೇಟಾವನ್ನು ಹಿಂಬಾಗಿಲಲ್ಲಿ ಅಪ್‌ಡೇಟುಗಳೇ ಕುಡಿದು ಮುಗಿಸುತ್ತವೆ, ಮಧ್ಯಾಹ್ನದ ಗಿರಾಕಿಗೆ ನಿನ್ನ ನೆಟ್ ನಿಧಾನ.

ಇಷ್ಟೆಲ್ಲ ಆಗಿಯೂ ನಿಧಾನವೇ? ಹಾಗಾದರೆ ಈಗ ಒಂದು ಪರೀಕ್ಷೆ. ಅದೇ ತಾಣವನ್ನು ಅದೇ ಹೊತ್ತಿನಲ್ಲಿ ಫೋನಿನಲ್ಲೇ ತೆರೆ. ಫೋನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು, ಅದೇ ಫೋನಿನಿಂದ ನೆಟ್ ಪಡೆಯುವ ಕಂಪ್ಯೂಟರಿನಲ್ಲಿ ಒಂದು ನಿಮಿಷ ಹಿಡಿದರೆ ದೋಷ ಗೋಪುರದಲ್ಲಿಲ್ಲ, ಪೆಟ್ಟಿಗೆಯೊಳಗಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆ. ಮೆಮೊರಿಯ ಕಂಬದ ತಲೆಯಲ್ಲಿ ಶೇ. 90ರ ಮೇಲೆ, ಪಕ್ಕದ ಡಿಸ್ಕಿನ ಕಂಬದಲ್ಲಿ ಶೇ. 100 ಕೆಂಪಗೆ ನಿಂತಿದ್ದರೆ ನೆಟ್ಟಿಗೆ ಬೈದದ್ದೆಲ್ಲ ವ್ಯರ್ಥ.

ಒಳಗೆ ಏನು ನಡೆಯುತ್ತಿದೆ ಗೊತ್ತೇ? ರ‍್ಯಾಮ್ ಅಂದರೆ ಕಣ, ಹಾರ್ಡ್ ಡಿಸ್ಕ್ ಅಂದರೆ ಹಗೇವು. ರಾಗಿ ಬಡಿಯುವುದು, ತೂರುವುದು ಎಲ್ಲ ಕಣದಲ್ಲೇ; ಕೂಡಿಡುವುದು ಹಗೇವಿನಲ್ಲಿ. ಕಣ ಕಿರಿದಾದರೆ ಅರ್ಧ ತೆನೆಯನ್ನು ಹಗೇವಿಗೆ ಇಳಿಸಿ, ಬೇಕಾದಾಗ ಮತ್ತೆ ಮೇಲೆತ್ತಿ, ಮತ್ತೆ ಇಳಿಸಿ, ಹೀಗೆ ಹೊರುವುದರಲ್ಲೇ ದಿನ ಹೋಗುತ್ತದೆ. ವಿಂಡೋಸ್ ಮಾಡುವುದೂ ಅದನ್ನೇ: ರ‍್ಯಾಮ್ ತುಂಬಿದಾಗ ಅದರಲ್ಲಿದ್ದದ್ದನ್ನು ಹಾರ್ಡ್ ಡಿಸ್ಕಿನ ಒಂದು ಕಡತಕ್ಕೆ ಸಾಗಿಸುತ್ತದೆ. ತಿರುಗುವ ತಟ್ಟೆಯ ಹಳೇ ಡಿಸ್ಕು ಆ ಓಡಾಟಕ್ಕೆ ಕರಕರ ಎನ್ನುತ್ತದೆ. ಕಿವಿಗೊಟ್ಟರೆ ನಿನಗೇ ಕೇಳಿಸುತ್ತದೆ.

ಹೀಗಾಗಿ ಡಿಸ್ಕಿನಲ್ಲಿ ಜಾಗವಿಲ್ಲದಿರುವುದೂ ರ‍್ಯಾಮ್ ಸಾಲದಿರುವುದೂ ಬೇರೆಬೇರೆ ಕೊರತೆ. ಡೆಸ್ಕ್‌ಟಾಪಿನ ಮೇಲೆ ಗುಡ್ಡೆ ಹಾಕಿದ ಫೋಟೋಗಳನ್ನು ಅಳಿಸಿದರೆ ರ‍್ಯಾಮ್ ಹೆಚ್ಚುವುದಿಲ್ಲ. ಆದರೂ ಸಿ ಡ್ರೈವಿನಲ್ಲಿ ಆರನೇ ಒಂದು ಪಾಲಾದರೂ ಖಾಲಿ ಇರಲಿ, ಇಲ್ಲವಾದರೆ ವಿಂಡೋಸಿಗೆ ಹೊರೆ ಇಳಿಸಲೂ ಜಾಗವಿರುವುದಿಲ್ಲ.

ನಿನ್ನದು 2 ಜಿಬಿ ಅಂದೆ. 64 ಬಿಟ್ಟಿನ ವಿಂಡೋಸ್ 10ಕ್ಕೆ ಕಂಪನಿ ಹೇಳಿದ ಕನಿಷ್ಠವೇ 2 ಜಿಬಿ, ಕನಿಷ್ಠ ಅಂದರೆ ಉಸಿರಾಡುವಷ್ಟು ಎಂದು ತಿಳಿ. ಯಂತ್ರ ಎದ್ದು ಕೂರುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಮೇಲೆ ಕ್ರೋಮಿನಲ್ಲಿ ಹತ್ತು ಟ್ಯಾಬು, ವಾಟ್ಸಾಪ್ ವೆಬ್, ಪ್ರಿಂಟರಿನ ಜೊತೆ ಬಂದ ನಾಲ್ಕು ಬೇಡದ ತಂತ್ರಾಂಶ, ಹಿಂದಿನ ಮಾಲೀಕನ ಅವಧಿ ಮುಗಿದ ಆಂಟಿವೈರಸ್. ಎರಡು ಆಂಟಿವೈರಸ್ ಇದ್ದರೆ ಒಂದನ್ನೊಂದು ಕಾಯುತ್ತ ಕೂರುತ್ತವೆ. ವಿಂಡೋಸಿನ ಜೊತೆ ಬರುವ ಡಿಫೆಂಡರ್ ನಿನಗೆ ಸಾಕು, ಉಳಿದದ್ದು ಕಿತ್ತುಹಾಕು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಬೇಡದ್ದನ್ನೆಲ್ಲ ಆರಿಸು. ಕ್ರೋಮಿನಲ್ಲಿ ‘ಮೆಮೊರಿ ಸೇವರ್’ ಹಾಕು. ಒಂದು ಅರ್ಜಿ ಮುಗಿದ ಮೇಲೆ ಆ ಟ್ಯಾಬ್ ಮುಚ್ಚಿ ಇನ್ನೊಂದು ತೆರೆ. ‘ರ‍್ಯಾಮ್ ಬೂಸ್ಟರ್’, ‘ಪಿಸಿ ಸ್ಪೀಡ್ ಅಪ್’ ಎಂದು ಹೆಸರಿಟ್ಟುಕೊಂಡು ಬರುವ ಯಾವುದನ್ನೂ ಒಳಗೆ ಬಿಟ್ಟುಕೊಳ್ಳಬೇಡ. ಇರುವ ರ‍್ಯಾಮನ್ನೂ ತಿನ್ನುವ ಜಾತಿ ಅವು.

ಪರದೆ ಬರುವುದೇ ಇಲ್ಲ, ಪೀಂ ಪೀಂ ಎಂದು ಬಡಿದುಕೊಳ್ಳುತ್ತದೆ ಅಥವಾ ನೀಲಿ ಪರದೆ ಬಂದು ತಾನೇ ಮತ್ತೆ ಶುರುವಾಗುತ್ತದೆ ಅಂದರೆ ಅದು ರ‍್ಯಾಮಿನದೇ ಇರಬಹುದು. ಆಗಲೂ ಹೊಸದಕ್ಕೆ ಓಡಬೇಡ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿ, ಒಳಗೆ ಉಳಿದ ಕರೆಂಟು ಇಳಿಯಲಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ನಿನ್ನ ಕೈಯಲ್ಲಿನ ಸ್ಥಿರ ವಿದ್ಯುತ್ತನ್ನೂ ಕಳೆದುಕೊ. ರ‍್ಯಾಮ್ ಸ್ಟಿಕ್ಕಿನ ಎರಡು ತುದಿಯ ಕಿವಿಗಳನ್ನು ಹೊರಕ್ಕೆ ಮಡಚಿದರೆ ಅದು ತಾನೇ ಎದ್ದು ನಿಲ್ಲುತ್ತದೆ. ಅಂಚು ಹಿಡಿದೇ ಎತ್ತು. ಕೆಳಗೆ ಸಾಲಾಗಿ ಹೊನ್ನಿನ ಬಣ್ಣದ ಹಲ್ಲುಗಳು ಕಾಣುತ್ತವೆ, ಹಳೆಯದಾದರೆ ಅವು ಮಂಕಾಗಿ, ಅಲ್ಲಲ್ಲಿ ಕಂದು ಕಲೆ ಹಿಡಿದಿರುತ್ತವೆ. ಶಾಲೆ ಮಕ್ಕಳ ಬಿಳಿ ರಬ್ಬರು ತೆಗೆದುಕೊಂಡು ಆ ಹಲ್ಲುಗಳನ್ನು ಮೇಲಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ, ಮೆಲ್ಲಗೆ ಉಜ್ಜು. ಎರಡೂ ಬದಿ. ಉಪ್ಪುಕಾಗದ, ಬ್ಲೇಡು ಮುಟ್ಟಿಸಲೇಬೇಡ, ಲೇಪ ಕಿತ್ತುಬರುತ್ತದೆ. ರಬ್ಬರಿನ ಪುಡಿಯನ್ನು ಒಣ ಬ್ರಶ್ಶಿನಿಂದ ತೆಗೆ, ಬಾಯಿಯಿಂದ ಊದಬೇಡ, ಎಂಜಲ ತೇವ ಹೋಗಿ ಕೂರುತ್ತದೆ. ಸ್ಲಾಟಿನೊಳಗಿನ ಧೂಳನ್ನೂ ಅದೇ ಬ್ರಶ್ಶಿನಿಂದ ಗುಡಿಸಿ, ಸ್ಟಿಕ್ಕನ್ನು ನೇರವಾಗಿ ಕೂರಿಸಿ ಒತ್ತು. ಎರಡೂ ಕಿವಿ ಟಕ್ಕೆಂದು ತಾವೇ ಮುಚ್ಚಿಕೊಳ್ಳಬೇಕು. ಒಂದೇ ಕಡೆ ಟಕ್ಕೆಂದರೆ ಕೂತಿಲ್ಲ.

ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ನೋಡು, ಸ್ಲಾಟನ್ನೂ ಬದಲಿಸಿ ನೋಡು. ಸ್ಟಿಕ್ಕಿನ ಬದಲು ಸ್ಲಾಟೇ ಸತ್ತಿರುವುದೂ ಉಂಟು. ಯಂತ್ರ ಎದ್ದಮೇಲೆ ಸ್ಟಾರ್ಟಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ಓಡಿಸು. ಹಳೇ ಯಂತ್ರದಲ್ಲಿ ಅದು ತುಂಬಾ ಹೊತ್ತು ಹಿಡಿಯುತ್ತದೆ, ಅಂಗಡಿ ಮುಚ್ಚುವಾಗ ಹಚ್ಚಿಟ್ಟು ಹೋಗಬೇಕೆಂದರೆ ಯುಪಿಎಸ್ ಗಟ್ಟಿಯಿರಲಿ.

ಇದೆಲ್ಲ ದಾಟಿ ರ‍್ಯಾಮ್ ಕೊಳ್ಳಲೇಬೇಕಾದರೆ ಅಳತೆ ಗೊತ್ತಿಲ್ಲದೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಯಾರ ಕೈಲೂ ತರಿಸಬೇಡ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನೇ ಇದ್ದರೂ ನಡುವಿನ ಗೀರು ಬೇರೆ ಜಾಗದಲ್ಲಿರುತ್ತದೆ, ಒಂದರ ಸ್ಲಾಟಿಗೆ ಇನ್ನೊಂದು ಹೋಗುವುದಿಲ್ಲ. ಕೋರ್ 2 ಡ್ಯುಯೋ ಕಾಲದ ಬೋರ್ಡುಗಳಲ್ಲಿ ಎರಡೂ ಜಾತಿ ಇವೆ. ಇರುವ ಸ್ಟಿಕ್ಕಿನ ಮೇಲಿನ ಚೀಟಿಯ ಫೋಟೋ ತೆಗೆದು ಕಳಿಸು, ಅಷ್ಟು ಸಾಕು. ಜಿ41 ಚಿಪ್‌ಸೆಟ್ಟಿನ ಬೋರ್ಡಾದರೆ ಇನ್ನೊಂದು ಕಿರಿಕಿರಿ: 4 ಜಿಬಿ ಸ್ಟಿಕ್ಕಿನಲ್ಲಿ ಬದಿಗೆ ಎಂಟರಂತೆ 16 ಚಿಪ್ಪು ಇದ್ದರೆ ಮಾತ್ರ ಅದು ಒಪ್ಪುತ್ತದೆ. 8 ಚಿಪ್ಪಿನ ಹೊಸ ಮಾದರಿ ತಂದರೆ ಬಹುಸಲ ಎದ್ದೇಳುವುದಿಲ್ಲ, ಅಂಗಡಿಯವನು ವಾಪಸು ತೆಗೆದುಕೊಳ್ಳುವುದೂ ಇಲ್ಲ. ಇನ್ನು ನಿನ್ನ ವಿಂಡೋಸ್ 32 ಬಿಟ್ಟಿನದಾಗಿದ್ದರೆ ಎಷ್ಟೇ ಹಾಕಿದರೂ ಅದಕ್ಕೆ ದಕ್ಕುವುದು 3 ಚಿಲ್ಲರೆ ಜಿಬಿ. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಬರೆದಿರುತ್ತದೆ, ನೋಡಿಕೊ.

ಎಲ್ಲಿಯವರೆಗೆ ದುಡ್ಡು ಸುರಿಯಬೇಕು ಅಂತ ಕೇಳಿದರೆ ನನ್ನ ಲೆಕ್ಕ ಇದು. ಡಿಡಿಆರ್2 ಯಂತ್ರವಾದರೆ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ 2 ಜಿಬಿ ಹಾಕಿ ಒಟ್ಟು 4 ಮಾಡಿಕೊ, ಅಲ್ಲಿಗೆ ನಿಲ್ಲಿಸು. ಮೊದಲ ತಲೆಮಾರುಗಳ ಐ3 ಇದ್ದು ಡಿಡಿಆರ್3 ಹಿಡಿಯುವಂತಿದ್ದರೆ 4ರಿಂದ 8 ಜಿಬಿ, ಜೊತೆಗೆ ಒಂದು ಸಾಟಾ ಎಸ್‌ಎಸ್‌ಡಿ, ಎರಡನ್ನೂ ಧೈರ್ಯವಾಗಿ ಹಾಕು. ಎರಡರಲ್ಲಿ ಒಂದಕ್ಕೇ ಕಾಸಿದ್ದರೆ? ಈಗಾಗಲೇ 4 ಜಿಬಿ ಇದ್ದರೆ ಎಸ್‌ಎಸ್‌ಡಿ ಮೊದಲು. ಐದು ನಿಮಿಷಕ್ಕೆ ಏಳುತ್ತಿದ್ದ ಯಂತ್ರ ಅರ್ಧ ನಿಮಿಷಕ್ಕೆ ಎದ್ದದ್ದು ಕಂಡು ನೆಟ್ಟೇ ಬದಲಾಯಿತೇನೋ ಎಂದುಕೊಂಡವರು ಎಷ್ಟೋ ಮಂದಿ.

ಲಿನಕ್ಸ್ ಹಾಕಲೇ ಎಂದು ನಿನ್ನ ತಮ್ಮ ಕೇಳಿದನಂತೆ. ಬುದ್ಧಿವಂತ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲೇ ಐಟಿ ಪಾಠ ಕಲಿಯುತ್ತಾರೆ, ನಮ್ಮವರಿಗೇಕೆ ಆಗಬಾರದು? ಹಳೇ ಯಂತ್ರಕ್ಕೆ ಅದು ಹಗುರ. ಆದರೆ ಅಂಗಡಿಯಲ್ಲಿ ಬೆರಳ ಗುರುತು ಪಡೆಯುವ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಳ್ಳುವ ಯೋಚನೆ ಇದ್ದರೆ ಅವುಗಳ ತಂತ್ರಾಂಶ ಹೆಚ್ಚಾಗಿ ವಿಂಡೋಸನ್ನೇ ಕೇಳುತ್ತದೆ. ಅಂಗಡಿಯ ಯಂತ್ರ ವಿಂಡೋಸಿನಲ್ಲೇ ಇರಲಿ, ತಮ್ಮನ ಓದಿನ ಯಂತ್ರಕ್ಕೆ ಲಿನಕ್ಸ್ ಹಾಕಿಕೊಳ್ಳಲಿ.

ಮಳೆಗಾಲದ ಮಾತು ಒಂದು. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು, ಮತ್ತೆ ಅಕ್ಟೋಬರಿನ ಹಿಂಗಾರು, ಎರಡೂ ನಿಮ್ಮ ಗುಡ್ಡಗಳ ಮೇಲೆ ಜೋರು. ಮೋಡ ಗುಡುಗಿದ ಕೂಡಲೇ ಪ್ಲಗ್ಗಿನ ಜೊತೆ ನೆಟ್ಟಿನ ಕೇಬಲ್ಲನ್ನೂ ಕೀಳು. ಫೈಬರಿನ ಗಾಜಿನೆಳೆಯಲ್ಲಿ ಸಿಡಿಲು ಬರದು ನಿಜ, ಆದರೆ ಡಬ್ಬಿಯಿಂದ ಕಂಪ್ಯೂಟರಿಗೆ ಬರುವುದು ತಾಮ್ರ. ಡಬ್ಬಿಯ ಅಡಾಪ್ಟರಿನಿಂದ ಒಳನುಗ್ಗಿದ್ದು ಬೋರ್ಡಿನ ಲ್ಯಾನ್ ಪೋರ್ಟನ್ನು ಸುಟ್ಟುಹಾಕುತ್ತದೆ. ಪೋರ್ಟ್ ಸತ್ತಿದ್ದರೂ ಯಂತ್ರ ಬದುಕಿದ್ದರೆ ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಒಂದು ಸಿಗುತ್ತದೆ, ಬೋರ್ಡೇ ಬದಲಿಸಬೇಕೆಂದು ಯಾರಾದರೂ ಹೇಳಿದರೆ ನಂಬಬೇಡ.

ಎಲ್ಲ ಮಾಡಿಯೂ ಆಗದೆ ಕೊನೆಗೆ ಫಾರ್ಮ್ಯಾಟೇ ಗತಿ ಎಂದಾದರೆ ಅದಕ್ಕೂ ಒಂದು ತಯಾರಿ ಇದೆ. ನೀನು ಕನ್ನಡ ಟೈಪಿಸುವುದು ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ. ಯೂನಿಕೋಡ್ ಅಲ್ಲದ ಹಳೇ ನುಡಿ ಅಕ್ಷರದಲ್ಲಿ ಬರೆದ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಗೀಚಿದಂತೆ ಕಾಣುತ್ತವೆ. ಹಾಗಾಗಿ ಕಡತದ ಜೊತೆ ಫಾಂಟುಗಳನ್ನೂ, ಪ್ರಿಂಟರ್, ಸ್ಕ್ಯಾನರ್, ಲ್ಯಾನ್‌ಗಳ ಡ್ರೈವರುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊ. ಲ್ಯಾನಿನ ಡ್ರೈವರ್ ಮರೆತರೆ, ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ಟಿಗೆ ಆ ಡ್ರೈವರ್ ಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತೀಯ.

ಕೊಳ್ಳೇಗಾಲಕ್ಕೆ ಹೊತ್ತು ತರುವುದಾದರೆ ಮಾನಿಟರು, ಕೀಬೋರ್ಡು ಏನೂ ಬೇಡ, ಕ್ಯಾಬಿನೆಟ್ ಒಂದೇ ಸಾಕು. ಬಸ್ಸಿನಲ್ಲಿ ಕಾಲ ಬಳಿ ಮಲಗಿಸಿಕೊ, ಮೇಲಿನ ಕ್ಯಾರಿಯರಿಗೆ ಹಾಕಿಸಬೇಡ, ಹನೂರಿನ ತನಕದ ತಿರುವುಗಳಲ್ಲಿ ಹಳೇ ಡಿಸ್ಕ್ ತಾಳುವುದಿಲ್ಲ. ಹೊರಡುವ ಮುಂಚೆ ಡೌನ್‌ಲೋಡ್ಸ್ ಫೋಲ್ಡರಿನಲ್ಲೂ ಸ್ಕ್ಯಾನರಿನ ಫೋಲ್ಡರಿನಲ್ಲೂ ಬಿದ್ದಿರುವ ಜನರ ಆಧಾರ್ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವನ್ನೂ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡು. ಕ್ರೋಮಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ತೆಗೆ, ನನ್ನ ಅಂಗಡಿಗಾದರೂ ಸರಿ. ಸೋಮವಾರ ಮಾತ್ರ ಬರಬೇಡ, ಅಂದು ಬಾಗಿಲು ಹಾಕಿರುತ್ತೇನೆ.